ಸರ್ಕಾರಿ ಕುಣಿತ

ನಮ್ಮ ಊರಿಗೆ ಗಣರಾಜ್ಯ ಬಂದದ್ದು ತಂತಿಯಲ್ಲಿ. ಸುಲ್ತಾನ ಹೋದ ಎಂದು ಒಂದು ತಂತಿ, ಖಲೀಫ ಹೋದ ಎಂದು ಇನ್ನೊಂದು, ಕೆಂಪು ಟೋಪಿ ಬಿಸಾಡಿ ಹ್ಯಾಟು ಹಾಕಿ ಎಂದು ಮತ್ತೊಂದು. ಅಂಚೆ ಕಚೇರಿಯ ಯಜಮಾನ ನನ್ನ ಗಂಡ ಹುಲೂಸಿ ಬೇ. ಹಾಗಾಗಿ ಲೋಕ ಬದಲಾದ ಸುದ್ದಿ ಊರಿಗಿಂತ ಮೊದಲು ನಮ್ಮ ಮನೆಗೆ ಬರುತ್ತಿತ್ತು, ಬಂದರೂ ನಮ್ಮ ಮನೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಅವರು ಹೊಸ ಹ್ಯಾಟನ್ನು ಮೊಳೆಗೆ ಸಿಕ್ಕಿಸಿ, "ಸೆನಿಹಾ, ನೀರು" ಅನ್ನುತ್ತಿದ್ದರು. ಸುಲ್ತಾನನ ಕಾಲದಲ್ಲೂ ಹಾಗೇ ಅನ್ನುತ್ತಿದ್ದರು.

ಆ ವರ್ಷ ಶರತ್ಕಾಲದಲ್ಲಿ ತಾಲೂಕಿಗೆ ಹೊಸ ಕಾಯ್ಮಕಾಮ್ ಬಂದರು. ಊರಿಗೆಲ್ಲ ದೊಡ್ಡ ಅಧಿಕಾರಿ, ಆದರೂ ಇನ್ನೂ ಮೂವತ್ತು ದಾಟದ ಹುಡುಗ. ಮದುವೆಯಾಗಿರಲಿಲ್ಲ, ಹೆಂಗಸರ ಬಿಡುಗಡೆಯ ಬಗ್ಗೆ ಅಷ್ಟೊಂದು ಉತ್ಸಾಹ ಇದ್ದದ್ದು ಅದಕ್ಕೇ ಇರಬೇಕು. ಗಣರಾಜ್ಯದ ಹಬ್ಬದ ಮಧ್ಯಾಹ್ನ ಶಾಲೆಯ ದೊಡ್ಡ ಕೋಣೆಯಲ್ಲಿ ಚಹಾ, ಗ್ರಾಮಫೋನು, ಜೊತೆಗೆ ನೃತ್ಯ ಎಂದು ಆಜ್ಞೆ ಹೊರಡಿಸಿದರು. ಪ್ರತಿಯೊಬ್ಬ ನೌಕರನೂ ತನ್ನ ಮನೆಯ ಒಬ್ಬ ಹೆಂಗಸನ್ನು ಕರೆತರಬೇಕು. ತಾರದವನ ಹೆಸರು ರಾಜಧಾನಿ ಅಂಕಾರಾಕ್ಕೆ ಹೋಗುತ್ತದೆ, ಅಲ್ಲಿಂದ ಅವನು ವರ್ಗವಾಗಿ ಇರಾನಿನ ಗಡಿಗೆ ಹೋಗುತ್ತಾನೆ.

ನನಗೆ ಕುಣಿಯಬೇಕಿತ್ತು. ಸುತ್ತಿ ಬಳಸಿ ಹೇಳುವುದೇನು, ಜೀವ ಹೋಗುವಷ್ಟು ಆಸೆ ಇತ್ತು. ಪಕ್ಕದ ಮನೆಯ ಮಹಡಿಯಲ್ಲಿ ಇಸ್ತಾಂಬುಲಿನಿಂದ ಬಂದ ಶಾಲೆಯ ಮೇಡಂ ಬೆದಿಯಾ ಹಾನಂ ಇದ್ದಳು. ಬೇಸಿಗೆಯಿಡೀ ಗಂಡಸರು ಕಾಫಿ ಅಂಗಡಿಯಲ್ಲಿ ದೇಶ ಉದ್ಧಾರ ಮಾಡುವ ಹೊತ್ತಿಗೆ ಅವಳು ನನಗೆ ವಾಲ್ಟ್ಸ್ ಕುಣಿತ ಕಲಿಸಿದಳು. ಅವಳು ಬಾರದ ದಿನ ನಾನು ಉದ್ದದಿಂಬನ್ನು ತಬ್ಬಿಕೊಂಡು ಒಬ್ಬಳೇ ಕುಣಿಯುತ್ತಿದ್ದೆ. ಒಮ್ಮೆ ನನ್ನ ಅತ್ತೆ ಪಕೀಜೆ ಹಾನಂ ಬಾಗಿಲಲ್ಲಿ ನಿಂತು ನೋಡಿಬಿಟ್ಟರು. ದಿಂಬನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಪರವಾಗಿಲ್ಲ ಕಣೇ," ಅಂದರು. "ದಿಂಬು ನನ್ನ ಮಗನಿಗಿಂತ ಹಗುರಾಗಿ ಹೆಜ್ಜೆ ಹಾಕುತ್ತೆ."

ಅತ್ತೆ ಹಳೇ ಕಾಲದ ಹೆಂಗಸು. ಮಾವ ಸುಲ್ತಾನನ ದಂಡಿನಲ್ಲಿದ್ದು ಯೆಮನ್ನಿನಲ್ಲಿ ತೀರಿಕೊಂಡಿದ್ದರು. ಶುಕ್ರವಾರದ ಪ್ರಾರ್ಥನೆಯಲ್ಲಿ ಅತ್ತೆ ಇನ್ನೂ ಸುಲ್ತಾನನ ಆರೋಗ್ಯ ಬೇಡುತ್ತಿದ್ದರು. ಅವನು ದೇಶ ಬಿಟ್ಟು ಓಡಿಹೋಗಿ ಎಷ್ಟು ಕಾಲವಾಯಿತಮ್ಮ ಎಂದು ಮಗ ರೇಗಿದರೆ, "ಓಡೋನಿಗೆ ಆರೋಗ್ಯ ಬೇಡವೇನೋ?" ಅನ್ನುತ್ತಿದ್ದರು.

ಕಾಯ್ಮಕಾಮರ ಆಜ್ಞೆಯಿಂದ ಕಚೇರಿಯವರೆಲ್ಲ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾದರು. ಹೆಂಡತಿಯನ್ನು ಕರೆದೊಯ್ದರೆ ಊರು ಆಡಿಕೊಳ್ಳುತ್ತದೆ, ಬಿಟ್ಟು ಹೋದರೆ ಗಡಿ. ಕೊನೆಗೆ ಕಂದಾಯದ ಶೆವ್ಕೆತ್ ಬೇ ಹಾವೂ ಸಾಯದ, ಕೋಲೂ ಮುರಿಯದ ಉಪಾಯ ಹುಡುಕಿದ. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು ಎಲ್ಲರಿಗೂ ಹೇಳಿದ.

ನನ್ನ ಗಂಡ ಅಂದು ಸಿಳ್ಳೆ ಹಾಕುತ್ತಾ ಮನೆಗೆ ಬಂದರು. "ಅಮ್ಮಾ, ಹಬ್ಬದ ದಿನ ನೀನು ನನ್ನ ಜೊತೆ ಬರ್ಬೇಕು."

"ಯಾರ ಸಾವಿಗೋ?"

"ಸಾವಲ್ಲಮ್ಮ, ನೃತ್ಯಕ್ಕೆ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಮತ್ತೆ ನಾನು?"

"ನಿನಗ್ಯಾಕೆ ಆ ಉಸಾಬರಿ? ಒಬ್ಬ ಹೆಂಗಸು ಅಂದಿದ್ದಾರೆ. ಅಮ್ಮನೂ ಹೆಂಗಸೇ ತಾನೇ? ವಯಸ್ಸು ಕೇಳಿಲ್ಲ."

"ಹೆಂಗಸರಿಗೆ ಸ್ವಾತಂತ್ರ್ಯ ಬೇಕು ಅಂತ ಮೊನ್ನೆ ಕಾಫಿ ಅಂಗಡೀಲಿ ಭಾಷಣ ಬಿಗಿದಿದ್ದು ನೀವೇ ಅಲ್ವೇನ್ರೀ?"

"ನೋಡು ಸೆನಿಹಾ," ಅಂದರು ಸಮಾಧಾನವಾಗಿ, "ಹೆಂಗಸರ ಸ್ವಾತಂತ್ರ್ಯ ಬೇರೆ. ನನ್ನ ಹೆಂಡತಿ ಬೇರೆ."

ಸೌಟು ಕೆಳಗಿಟ್ಟೆ. ಹೋಗಿ ಅಡುಗೆಮನೆಯಲ್ಲಿ ಕುಳಿತೆ. ಈರುಳ್ಳಿ ಹೆಚ್ಚದೆಯೇ ಕಣ್ಣಲ್ಲಿ ನೀರು ಸುರಿಯಿತು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಿಸಿದರು. "ಸಾಕು ಮಾಡೇ. ನಾನು ಹೋಗಲ್ಲ, ನೀನು ಹೋಗು."

"ಅವರು ಬಿಡ್ತಾರಾ ಅತ್ತೆ?"

"ಅವನನ್ನ ಯಾರು ಕೇಳಿದ್ದು? ನನ್ನನ್ನ ಯಾರಾದ್ರೂ ಕೇಳಿದ್ರಾ? ಮೈ ನೆರೆಯೋ ಮೊದಲೇ ಮದುವೆ ಮಾಡಿದ್ರು, ಕೇಳಲಿಲ್ಲ. ಗಂಡನ್ನ ಯೆಮನ್ನಿಗೆ ಅಟ್ಟಿದ್ರು, ಕೇಳಲಿಲ್ಲ. ಈಗ ಈ ಬೊಚ್ಚುಬಾಯಿ ತೆಗೆದು ಸಭೇಲಿ ತೋರ್ಸು ಅಂತಾರೆ, ಅದನ್ನೂ ಕೇಳಲ್ಲ. ಸುಲ್ತಾನ ಹೋದ ಅಂತ ನಿನ್ನ ಗಂಡ ಕುಣೀತಾನೆ. ಎಲ್ಲಿ ಹೋದ? ಟೋಪಿ ಬದಲಾಯಿಸಿಕೊಂಡು ಇಲ್ಲೇ ಕೂತಿದ್ದಾನೆ." ಅವರು ತಮ್ಮ ಕರಿಯ ಚಾರ್ಶಫನ್ನು ನನ್ನ ಮಡಿಲಿಗೆ ಎಸೆದರು. "ಇದನ್ನ ತಲೆಯಿಂದ ಪಾದದವರೆಗೂ ಹೊದ್ದುಕೋ. ಮುಖಕ್ಕೆ ಪರದೆ ಇಳಿಸಿಕೋ. ಒಳಗೆ ನಿನ್ನಿಷ್ಟ ಬಂದದ್ದು ತೊಟ್ಟುಕೋ."

"ಗೊತ್ತಾಗಿಬಿಟ್ರೆ?"

"ಅವನು ಮುಂದೆ ನಡೀತಾನೆ, ನೀನು ಹಿಂದೆ. ಮುಂದೆ ನಡೆಯೋ ಗಂಡಸು ಯಾವತ್ತಾದ್ರೂ ತಿರುಗಿ ನೋಡಿದ್ದುಂಟಾ? ನನ್ನ ಹಾಗೆ ಒಂಚೂರು ಕುಂಟು, ಆಗಾಗ ಕೆಮ್ಮು. ಸಾಕು."

ಹಾಗೇ ಮಾಡಿದೆ. ಒಳಗೆ ಬೆದಿಯಾ ಹೊಲಿದುಕೊಟ್ಟ ನೀಲಿ ರೇಷ್ಮೆಯ ಉಡುಪು, ಮೇಲೆ ಅತ್ತೆಯ ಚಾರ್ಶಫು, ಅದಕ್ಕೆ ಅವರದೇ ಲವಂಗದ ವಾಸನೆ. ನನ್ನ ಗಂಡ ಒಮ್ಮೆಯೂ ತಿರುಗಲಿಲ್ಲ. ಬೆನ್ನು ಹಾಕಿಕೊಂಡೇ ದಾರಿಯುದ್ದಕ್ಕೂ ಮಾತಾಡಿದರು.

"ಅಮ್ಮಾ, ನಿನ್ನ ಸೊಸೆ ಮುಖ ಊದಿಸಿಕೊಂಡು ಕೋಣೆ ಸೇರಿದ್ದಾಳೆ, ನೋಡಿದ್ಯಾ?"

ಕೆಮ್ಮಿದೆ.

"ಅವಳನ್ನ ಕರ್ಕೊಂಡು ಬರ್ಬೋದಿತ್ತು. ಆದ್ರೆ ಅವಳು ಚೆನ್ನಾಗಿದ್ದಾಳೆ ಅಮ್ಮಾ, ಅದೇ ತೊಂದರೆ. ಎಲ್ಲರೂ ನೋಡ್ತಾರೆ."

ಮದುವೆಯಾದಾಗಿನಿಂದ ಆ ಮಾತನ್ನು ಅವರು ನನಗೆ ಹೇಳಿರಲಿಲ್ಲ. ಪರದೆಯೊಳಗೆ ನನ್ನ ಕೆನ್ನೆ ಬಿಸಿಯಾಯಿತು. ಅಯ್ಯೋ ಪಾಪಿ, ಮುಖ ನೋಡಿ ಒಮ್ಮೆ ಅಂದಿದ್ದರೆ ನಾನು ಮನೆಯಲ್ಲೇ ಇದ್ದುಬಿಡುತ್ತಿದ್ದೆನೋ ಏನೋ. ಕುಂಟುವುದನ್ನು ಮರೆತು ನಾಲ್ಕು ಹೆಜ್ಜೆ ನೆಟ್ಟಗೆ ನಡೆದೆ.

ಶಾಲೆಯ ಕೋಣೆಯ ಬಾಗಿಲಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಗೋಡೆಗಾನಿಸಿದ ಬೆಂಚುಗಳ ತುಂಬ ಮುದುಕಿಯರು! ಶೆವ್ಕೆತನ ತಾಯಿ, ಕೋರ್ಟಿನ ಗುಮಾಸ್ತನ ತಾಯಿ, ಒಬ್ಬನಂತೂ ಕಿವಿ ಕೇಳದ ಅಜ್ಜಿಯನ್ನೇ ಎತ್ತಿಕೊಂಡು ಬಂದಿದ್ದ. ಎಲ್ಲರೂ ಕರಿಯ ಚಾರ್ಶಫಿನಲ್ಲಿ ಚಪ್ಪಲಿ ಬಿಟ್ಟು, ಕಾಲು ಮಡಚಿ, ಹುರಿಗಡಲೆ ಮೆಲ್ಲುತ್ತಾ ಕುಳಿತಿದ್ದರು. ಗ್ರಾಮಫೋನಿನ ಹತ್ತಿರ ಬೆದಿಯಾ ತುಟಿ ಕಚ್ಚಿಕೊಂಡು ನಿಂತಿದ್ದಳು. ನಾನೂ ಹೋಗಿ ಒಂದು ಬೆಂಚಿನ ತುದಿಯಲ್ಲಿ ಕುಳಿತೆ.

ಕಾಯ್ಮಕಾಮರ ಮುಖ ಹುಳ್ಳಗಾಯಿತು. "ಇದು ಗಣರಾಜ್ಯದ ಹಬ್ಬ ಕಣ್ರೀ! ಅಂಕಾರಾಕ್ಕೆ ಏನಂತ ಬರೀಲಿ ನಾನು? ತಾಯಂದಿರೇ, ದಯವಿಟ್ಟು ಆ ಕರಿ ಬಟ್ಟೆಯನ್ನಾದರೂ ತೆಗೀರಿ!"

"ಚಳಿ ಮಗಾ," ಅಂದಳು ಶೆವ್ಕೆತನ ತಾಯಿ. ಮಿಕ್ಕವರು ಚಾರ್ಶಫನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡರು.

ನಾನು ಎದ್ದು ನಿಂತೆ. ಪರದೆ ಎತ್ತಿದೆ, ಚಾರ್ಶಫು ಜಾರಿಸಿದೆ. ಕೋಣೆಯಲ್ಲಿ ಕಡಲೆ ಕಡಿಯುವ ಸದ್ದೂ ನಿಂತಿತು. ನನ್ನ ಗಂಡ ಬಾಯಿ ತೆರೆದರು. ಒಳಗಿನ ಕಟ್ಟಿಸಿದ ಹಲ್ಲು ಕಾಣುವಷ್ಟು ತೆರೆದರು. ಒಂದು ಕ್ಷಣ ಅವರು ನನ್ನನ್ನು ಅಲ್ಲೇ ಸಿಗಿದುಹಾಕುತ್ತಾರೆ ಅನ್ನಿಸಿತು.

ಅಷ್ಟರಲ್ಲಿ ಕಾಯ್ಮಕಾಮರು ಓಡಿಬಂದು ಅವರ ಕೈ ಹಿಡಿದು ಕುಲುಕಿದರು. "ಶಹಬ್ಬಾಸ್ ಹುಲೂಸಿ ಬೇ! ಇಡೀ ತಾಲೂಕಿಗೆ ನೀವೊಬ್ಬರೇ ಗಂಡಸು! ಎಂಥ ಧೈರ್ಯ!"

ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಗಂಡನಿಗೆ. ಅವರ ಮುಖ ಬಿಳಿಚಿತು, ಕೆಂಪಾಯಿತು, ಆಮೇಲೆ ನಿಧಾನವಾಗಿ ಅರಳಿತು. "ನಾನೇ ಹೇಳ್ದೆ ಸಾಹೇಬ್ರೇ," ಅಂದರು. "ನಮ್ಮ ಮನೇಲಿ ಮೊದಲಿಂದ್ಲೂ ಸ್ವಾತಂತ್ರ್ಯವೇ!"

"ತಾವು ಅಪ್ಪಣೆ ಕೊಟ್ಟರೆ ಮೊದಲ ನೃತ್ಯ ತಮ್ಮ ಶ್ರೀಮತಿಯವರ ಜೊತೆ."

"ಕೊಟ್ಟೆ ಸಾಹೇಬ್ರೇ, ಕೊಟ್ಟೆ! ಒಂದೇನು, ಹತ್ತು ಕುಣೀರಿ!"

ಬೆದಿಯಾ ಗ್ರಾಮಫೋನಿನ ತಟ್ಟೆಯ ಮೇಲೆ ಮುಳ್ಳು ಇಟ್ಟಳು. ಅದೇ ವಾಲ್ಟ್ಸ್. ನನ್ನ ಕಾಲು ಆಗಲೇ ಹೊರಟಿತ್ತು, ನಾನೇ ಹಿಡಿದು ನಿಲ್ಲಿಸಿದೆ.

"ಸಾಹೇಬ್ರೇ, ಅಪ್ಪಣೆ ಕೊಟ್ಟದ್ದು ಅವರು," ಅಂದೆ. "ಅವರ ಜೊತೇಲೇ ಕುಣೀರಿ."

ಮುದುಕಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಾಯ್ಮಕಾಮರಿಗೆ ಕಿವಿಯವರೆಗೂ ರಕ್ತ ಏರಿತು. ಆದರೂ ಹುಡುಗ ಕೆಟ್ಟವನಲ್ಲ, ಬಾಗಿ ವಂದಿಸಿ, "ತಪ್ಪಾಯ್ತು. ತಮ್ಮ ಹೆಸರು?" ಅಂದ.

"ಸೆನಿಹಾ."

"ಸೆನಿಹಾ ಹಾನಂ, ನನ್ನ ಜೊತೆ ಕುಣೀತೀರಾ?"

ಕೇಳಿದ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಬ್ಬ ಗಂಡಸು ನನ್ನನ್ನು ಕೇಳಿದ. ಆದರೆ ಅವನ ಕೈ ಆಗಲೇ ನನ್ನ ಸೊಂಟದ ಎತ್ತರಕ್ಕೆ ಬಂದಿತ್ತು, ಅವನ ಬೆನ್ನ ಹಿಂದೆ ನನ್ನ ಗಂಡ ಕತ್ತು ಮುರಿದು ಬೀಳುವಂತೆ ತಲೆಯಾಡಿಸುತ್ತಾ, "ಹೂಂ ಅನ್ನೇ, ಹೂಂ ಅನ್ನು!" ಎಂದು ಹಲ್ಲು ಕಡಿಯುತ್ತಿದ್ದರು. ಅದು ನಿಜವಾದ ಪ್ರಶ್ನೆಯೋ, ಮುಗುಳ್ನಕ್ಕು ಹೊರಡಿಸಿದ ಆಜ್ಞೆಯೋ? ತಿಳಿದುಕೊಳ್ಳಲು ಒಂದೇ ದಾರಿ ಇತ್ತು.

"ಇಲ್ಲ," ಅಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಶೆವ್ಕೆತ್ ಬೇ ಹಿಂದಿನಿಂದ ಕೂಗಿದ. ಗಂಡಸರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

ಕಾಯ್ಮಕಾಮರು ನಗಲಿಲ್ಲ. ಕೈ ಕೆಳಗಿಳಿಸಿದರು, ಗಡಿಯಾರ ನೋಡಿದರು. ಅಂಕಾರಾಕ್ಕೆ ವರದಿ ಹೋಗಲೇಬೇಕಿತ್ತು, ವರದಿಯಲ್ಲಿ ನೃತ್ಯ ಇರಲೇಬೇಕಿತ್ತು. "ಯಾರ ಜೊತೆಯಾದರೂ ಸರಿ, ಕುಣೀರಿ!" ಎಂದು ಗುಡುಗಿದರು. "ಇದು ಆಜ್ಞೆ!"

ಕುಣಿದರು. ಶೆವ್ಕೆತ್ ಬೇ ಕೋರ್ಟಿನ ಗುಮಾಸ್ತನ ಸೊಂಟ ಹಿಡಿದ. ಪೊಲೀಸಿನವನು ಪಶುವೈದ್ಯನನ್ನು ತಬ್ಬಿದ. ನನ್ನ ಗಂಡ ಕೊಟ್ಟ ಅಪ್ಪಣೆ ಅವರಿಗೇ ತಗುಲಿಕೊಂಡಿತ್ತು. ಕಾಯ್ಮಕಾಮರ ಎದೆಗೆ ಎದೆಕೊಟ್ಟು, ತಲೆಯ ಮೇಲೆ ಹ್ಯಾಟು ಇಟ್ಟುಕೊಂಡೇ, ಸಾಹೇಬರ ಬೂಟು ತುಳಿಯುತ್ತಾ, ಪ್ರತಿ ತುಳಿತಕ್ಕೂ ಕ್ಷಮೆ ಕೇಳುತ್ತಾ ಸುತ್ತಿದರು. ಮುದುಕಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾನು ಹೋಗಿ ಶೆವ್ಕೆತನ ತಾಯಿಯ ಪಕ್ಕ ಕುಳಿತೆ. ಆಕೆ ನನ್ನ ಅಂಗೈಗೆ ನಾಲ್ಕು ಕಡಲೆ ಹಾಕಿದಳು. ಬೆಂಚಿನ ಕೆಳಗೆ ನನ್ನ ಎರಡು ಪಾದಗಳೂ ಒಂದು ತಾಳ ತಪ್ಪದೆ ಆಡುತ್ತಿದ್ದವು. ಆಕೆ ಬಗ್ಗಿ ಅದನ್ನೇ ನೋಡುತ್ತಾ ಇದ್ದು, ಕೊನೆಗೆ ನನ್ನ ಕಿವಿಯ ಹತ್ತಿರ ಬಂದಳು.

"ನಿಂಗೆ ಬರುತ್ತಾ ಮಗಳೇ?"

"ಬರುತ್ತಮ್ಮ," ಅಂದೆ. "ತುಂಬಾ ಚೆನ್ನಾಗಿ ಬರುತ್ತೆ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.