ಮೆಟ್ಟಿಲು ಹತ್ತುತ್ತಿದ್ದ ಲಿಫ್ಟಿನ ಎಂಜಿನಿಯರ್

ಬಾಳಿನುದ್ದಕ್ಕೂ ಲಿಫ್ಟುಗಳಿಗೆ ಸಾಫ್ಟ್‌ವೇರ್ ಬರೆದ ಆ ಮನುಷ್ಯ, ಐದನೆಯ ಮಹಡಿಯ ನಮ್ಮ ಕಚೇರಿಗೆ ಒಂದು ದಿನವೂ ಲಿಫ್ಟಿನಲ್ಲಿ ಬಂದವರಲ್ಲ. ಎಡಗೈಯಲ್ಲಿ ಮೆಟ್ಟಿಲ ಕಂಬಿ, ಬಲಗೈಯಲ್ಲಿ ಊಟದ ಡಬ್ಬಿ, ತಿರುವು ತಿರುವಿಗೊಂದು ದೀರ್ಘ ನಿಟ್ಟುಸಿರು. ಹೀಗೆ ಮಂದಗಮನದಿಂದ ಅವರು ಏರಿಬರುವುದನ್ನು ಕಂಡೇ ಕಿರಿಯರಾದ ನಾವು 'ಮೆಟ್ಟಿಲಪ್ಪ' ಎಂದು ನಾಮಕರಣ ಮಾಡಿದ್ದೆವು. ಕಾರಣ ಕೇಳಿದರೆ, "ದಿನವಿಡೀ ಅದರ ಜೊತೆಗೇ ಏಗ್ತೀನಲ್ಲಪ್ಪಾ, ಹೋಗ್ತಾ ಬರ್ತಾನೂ ಅದರ ಮುಖಾನೇ ನೋಡ್ಬೇಕಾ?" ಎನ್ನುತ್ತಿದ್ದರು.

ಮೊಣಕೈ ಸವೆದ ಬೂದು ಸ್ವೆಟರು ಅವರ ಮೈಬಿಟ್ಟು ಇಳಿದದ್ದನ್ನು ನಾನು ಕಾಣೆ. ಕಂಪನಿಯ ಹೆಸರು ಹೊತ್ತ ಟೀ ಶರ್ಟನ್ನು ನಾವೆಲ್ಲ ಎದೆಯುಬ್ಬಿಸಿ ತೊಟ್ಟರೆ, ಅವರದು ಸ್ಕೂಟರು ಒರೆಸುವ ಪುಣ್ಯಕಾರ್ಯಕ್ಕೆ ಮೀಸಲಾಗಿತ್ತು.

ಹೊಸದಾಗಿ ಬಂದ ಮೇಲಧಿಕಾರಿಗೆ ಉತ್ಸಾಹವೆಂದರೆ ಪ್ರಾಣ. ಒಂದು ಬೆಳಗ್ಗೆ ಎಲ್ಲರನ್ನೂ ಕೂರಿಸಿ, ನಮ್ಮ ಕಂಪನಿಯ ಲಿಫ್ಟನ್ನು ಏಕೆ ಪ್ರೀತಿಸುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ನಾನಂತೂ ಭಾಷಣವನ್ನೇ ಬಿಗಿದೆ. ಮೆಟ್ಟಿಲಪ್ಪನವರು ಕನ್ನಡಕ ಒರೆಸುತ್ತ, "ಪ್ರೀತಿಯೆಲ್ಲ ಮನೇಲೇ ಖರ್ಚಾಗುತ್ತೆ ಸಾರ್, ಇಲ್ಲಿಗೆ ತರೋವಷ್ಟು ಉಳಿಯಲ್ಲ," ಎಂದರು. ನಾವು ಬಿದ್ದು ಬಿದ್ದು ನಕ್ಕೆವು, ಅಧಿಕಾರಿ ನಗಲಿಲ್ಲ.

ತಂಡದ ಮುಖ್ಯಸ್ಥನ ಸ್ಥಾನ ಆ ವರ್ಷ ನ್ಯಾಯವಾಗಿ ಅವರಿಗೇ ಸಲ್ಲಬೇಕಿತ್ತು. ಮಗಳು ದೊಡ್ಡ ಓದಿಗೆ ಹೊರಟಿದ್ದಳಾದ್ದರಿಂದ ಅವರಿಗದು ಬೇಕೂ ಆಗಿತ್ತು. ಅಷ್ಟರಲ್ಲಿ, ಲಿಫ್ಟು ಚುರುಕಾದರೆ ಮಾರಾಟ ಹೆಚ್ಚುವುದೆಂದು, ಬಾಗಿಲು ತೆರೆದಿರುವ ಹೊತ್ತನ್ನು ಅರ್ಧಕ್ಕಿಳಿಸುವ ಅಪ್ಪಣೆಯಾಯಿತು. ಲಿಫ್ಟನ್ನು ಪ್ರೀತಿಸುವ ನಾವೆಲ್ಲ ಕೋಲೆಬಸವನಂತೆ ತಲೆಯಾಡಿಸಿದೆವು. ಆದರೆ ಮೆಟ್ಟಿಲಪ್ಪನವರು ಪರೀಕ್ಷಿಸಿ ಒಪ್ಪದೆ ಏನೂ ಹೊರಹೋಗುವಂತಿರಲಿಲ್ಲ, ಅವರು ಒಪ್ಪಲಿಲ್ಲ.

"ಇದೊಂದು ಒಪ್ಕೊಂಡ್ಬಿಡಿ, ಆ ಜಾಗ ನಿಮ್ದೇ," ಎಂದರು ಅಧಿಕಾರಿ, ನಮ್ಮೆಲ್ಲರೆದುರೇ.

"ನಮ್ಮತ್ತೆ ಊರುಗೋಲು ಹಿಡ್ಕೊಂಡು ಬರ್ತಾರೆ ಸಾರ್. ಅವರು ಎರಡನೇ ಕಾಲು ಒಳಗಿಡೋ ತನಕ ಬಾಗಿಲು ಕಾಯ್ಲೇಬೇಕು," ಎಂದು ಮೆಟ್ಟಿಲಪ್ಪನವರು ತಮ್ಮ ಜಾಗಕ್ಕೆ ಹೋಗಿ ಕುಳಿತರು.

ಬಾಗಿಲಿನ ಹೊತ್ತು ಮೊದಲಿನಷ್ಟೇ ಉಳಿಯಿತು. ಮುಖ್ಯಸ್ಥನ ಸ್ಥಾನ, ಭಾಷಣಕ್ಕೂ ಬೆಲೆಯಿತ್ತು ನೋಡಿ, ನನಗೆ ಬಂತು. "ಒಳ್ಳೇದಾಗ್ಲಪ್ಪಾ," ಎಂದು ನನ್ನ ಭುಜ ತಟ್ಟಿ, ಡಬ್ಬಿ ಹಿಡಿದು ಎಂದಿನಂತೆ ಮೆಟ್ಟಿಲಿಳಿದು ಹೋದರು. ನಿವೃತ್ತಿಯವರೆಗೂ ಅದೇ ಕುರ್ಚಿ, ಅದೇ ಸ್ವೆಟರು.

ಈಗ ನನ್ನ ಮಂಡಿಗಳೂ ಮುಷ್ಕರ ಹೂಡಿವೆ. ಮೊನ್ನೆ ಆಸ್ಪತ್ರೆಯಲ್ಲಿ, ನಮ್ಮದೇ ಕಂಪನಿಯ ಹಳೆಯ ಲಿಫ್ಟಿನೊಳಗೆ ಕೋಲೂರಿ ಒಂದು ಕಾಲಿಟ್ಟ ನಾನು ಇನ್ನೊಂದನ್ನು ಎಳೆದುಕೊಳ್ಳುವವರೆಗೂ ಬಾಗಿಲು ಕಾದು ನಿಂತಿತು. ಅಯ್ಯೋ, ಆ ಪುಣ್ಯಾತ್ಮನನ್ನು ನೆನೆದು ಕಣ್ಣು ತುಂಬಿಬಂತು. ತಾವು ಮಾಡಿದ ವಸ್ತುವಿನ ಮೇಲೆ ಇಂಥವರಿಗೆ ವ್ಯಾಮೋಹವಿರುವುದಿಲ್ಲ, ಅದನ್ನು ಹಾಡಿ ಹೊಗಳಲೂ ಬರುವುದಿಲ್ಲ. ಬಾಗಿಲಲ್ಲಿ ತಡವರಿಸುತ್ತ ನಿಂತ ಅಪರಿಚಿತನ ಕಾಲ ಮೇಲೆ ಮಾತ್ರ ಅವರ ಕಣ್ಣು, ಅವರು ಮನೆಗೆ ಹೋದ ಮೇಲೂ, ಇದ್ದೇ ಇರುತ್ತದೆ.