ಚಿಗುರಿದ ಕಡ್ಡಿಗಳು

ಅಜ್ಜಂಪುರದ ರಸ್ತೆಯಲ್ಲಿ ತನುಜಾ ಮತ್ತು ಅವಳ ಗಂಡ ರುದ್ರಮೂರ್ತಿ ನರ್ಸರಿ ನಡೆಸುತ್ತಿದ್ದರು. ಚೀಲಗಳಲ್ಲಿ ನೆಟ್ಟಿದ್ದ ದಾಳಿಂಬೆ ಕಡ್ಡಿಗಳು ಚಿಗುರಿದ್ದನ್ನು ಕಂಡು ಅವಳು ನಾಲ್ಕೈದನ್ನು ಕಿತ್ತು ನೋಡಿದಳು. ಒಂದಕ್ಕೂ ಬೇರು ಬಂದಿರಲಿಲ್ಲ. ಬುಡ ಕಪ್ಪಾಗಿ ಲೋಳೆಗಟ್ಟಿತ್ತು; ಕೊಳೆತ ವಾಸನೆ ಮೂಗಿಗೆ ಬಡಿಯಿತು.

"ಜಿಗಟು ಮಣ್ಣಿಗೆ ದಿನಾ ಇಷ್ಟೊಂದು ನೀರು ಹಾಕಿದ್ರೆ ಬೇರು ಎಲ್ಲಿ ಬತ್ತೈತೆ ಕಣ್ರೀ? ಕಡ್ಡೀಲಿದ್ದ ಸತ್ವಕ್ಕೆ ಎಲೆ ಬಂದೈತೆ ಅಷ್ಟೇ," ಎಂದಳು.

"ಎಲೆ ಕಾಣ್ತೈತಲ್ಲ, ನಾಳೆ ಸಸಿ ಒಯ್ಯೋಕೆ ದೇವನೂರಿನೋರು ಬಂದಾಗ ಕೊಟ್ಬಿಡು. ಒಣಗಿದ್ರೆ ಬಿಸಿಲಿಗೆ ಹೋಯ್ತು ಅಂದ್ರಾಯ್ತು," ಎಂದು ಅವನು ನಕ್ಕ.

ಕೊಳೆತ ಕಡ್ಡಿಗಿಂತ ಆ ನಗುವೇ ಅವಳಿಗೆ ಹೇಸಿಗೆ ಎನಿಸಿತು. ಅವನೆದುರೇ ಚೀಲಗಳನ್ನೆಲ್ಲ ತಿಪ್ಪೆಗೆ ಸುರಿದಳು. ಕೈ ಎಷ್ಟು ತೊಳೆದರೂ ಲೋಳೆ ಹೋದಂತೆನಿಸಲಿಲ್ಲ.

ಮರುದಿನ ಬಂದವರಿಗೆ, "ಈ ಸಲ ಬೇರು ಬರ್ಲಿಲ್ಲ. ಮರಳು ಬೆರೆಸಿ ಹೊಸದಾಗಿ ನೆಡ್ತೀನಿ," ಎಂದಳು. ರುದ್ರಮೂರ್ತಿ ಹೊರಗೆ ಬರಲಿಲ್ಲ.