ಹಾರೋದಾ, ಬೇಯೋದಾ?

ದಿನವಿಡೀ ಬೇರೆಯವರ ತಪ್ಪು ಹುಡುಕುವುದೇ ನನ್ನ ಕೆಲಸ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಸಾಲಿನ ತುದಿಗೆ ಒಂದು ಮೇಜು, ಅದರ ಮೇಲೆ ಕಣ್ಣು ಕುಕ್ಕುವ ಟ್ಯೂಬ್‌ಲೈಟು, ಮುಂದೆ ನಿಂತುಕೊಂಡು ನಾನು. ಅಂಗಿ ಬರುತ್ತದೆ, ಕಾಲರ್ ನೋಡು, ತೋಳು ನೋಡು, ಗುಂಡಿ ಎಳೆದು ನೋಡು. ಹೊಲಿಗೆ ಕೂದಲೆಳೆಯಷ್ಟು ಆಚೀಚೆ ಹೋಗಿದ್ದರೂ ಅಲ್ಲೊಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ಕೂರಲು ಸ್ಟೂಲು ಕೊಟ್ಟಿಲ್ಲ. ಕೂತರೆ ತಪ್ಪು ಕಾಣುವುದಿಲ್ಲವಂತೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಬಾತ ಪಾದದ ಮೇಲೆ ಅದರ ಪಟ್ಟಿಯ ಗುರುತು ಹಾಗೇ ಉಳಿದಿರುತ್ತದೆ.

ಆಮೇಲೆ ಶುರು ಎರಡನೆಯ ಪಾಳಿ. ಮೂರನೆಯ ತರಗತಿಯ ಮಗಳ ಕೈಲಿ ಉಕ್ತಲೇಖನ ಬರೆಸುವುದು. ನಾನು ಪಾಠದಿಂದ ಒಂದೊಂದೇ ಪದ ಓದಿ ಹೇಳಬೇಕು, ಅವಳು ಪುಸ್ತಕ ನೋಡದೆ ಬರೆಯಬೇಕು. ವರ್ಷ ತುಂಬುವ ಮೊದಲೇ ನಡೆದಳೆಂದು ಅವಳನ್ನು ಚೂಟಿ ಎಂದು ಕರೆದವರು ನಾವೇ. ಶಾಲೆಯ ಉಕ್ತಲೇಖನದಲ್ಲಿ ಇಪ್ಪತ್ತಕ್ಕೆ ಆರು ತಂದಾಗ ಆ ಹೆಸರು ಹಿಡಿದು ಕರೆಯಲು ನನಗೇ ನಾಚಿಕೆಯಾಯಿತು.

ಅವಳ ಅಪ್ಪ ಸರಕಿನ ಗಾಡಿ ಓಡಿಸುತ್ತಾರೆ. ಮಗಳ ಓದಿಗೆ ಅವರ ಕೊಡುಗೆ ಒಂದೇ ಮಾತು: "ನನಗೆ ಯಾರು ಕೂರಿಸ್ಕೊಂಡು ಓದಿಸಿದ್ರು? ನಾನು ಉದ್ಧಾರ ಆಗ್ಲಿಲ್ವಾ?" ಅದಕ್ಕೆ ಉತ್ತರ ಕೊಡಲು ಹೊರಟರೆ ಬೆಳಗಾಗುತ್ತದೆ.

"ಹಕ್ಕಿ," ಎಂದೆ ಒಂದು ಸಂಜೆ. ಬರೆದಳು. "ಹೊಳೆ." ಬರೆದಳು. "ಹುಳಿ." ಪೆನ್ಸಿಲ್ ಕಚ್ಚಿ, ಯೋಚಿಸಿ, ಬರೆದಳು.

ಪುಸ್ತಕ ಪಕ್ಕದಲ್ಲಿಟ್ಟು ನೋಡಿದೆ. ಅಕ್ಕಿ. ಒಳೆ. ಉಳಿ. ನನ್ನ ತೋಳಿಗೆ ಅಂಟಿಕೊಂಡು ಮನೆವರೆಗೂ ಬಂದಿದ್ದ ಕೆಂಪು ಬಾಣಗಳನ್ನು ಕಿತ್ತು ಮೂರಕ್ಕೂ ಅಂಟಿಸಿದೆ.

"ಹಕ್ಕಿ ಅಂದ್ರೆ ಅಕ್ಕಿ ಬರೀತೀಯಲ್ಲೇ, ಕಿವಿ ಎಲ್ಲಿಟ್ಟಿದ್ದೀಯ?"

"ನೀನು ಹೇಳಿದ್ದನ್ನೇ ಬರ್ದಿದ್ದೀನಿ."

"ನಾನು ಹಕ್ಕಿ ಅಂದೆ!"

"ನಾನೂ ಅದನ್ನೇ ಬರ್ದೆ!"

ಎದುರುತ್ತರ ಬೇರೆ ಎಂದು ತಲೆಗೊಂದು ಮೊಟಕಿದೆ. ಅವಳು ಅಳಲಿಲ್ಲ. ತಲೆ ಉಜ್ಜಿಕೊಳ್ಳುತ್ತ ನನ್ನ ಬಾಯನ್ನೇ ನೋಡುತ್ತ ಕೂತಳು.

ಇನ್ನೊಂದು ಸಂಜೆ ಪದ ಹೇಳುತ್ತ ಹೇಳುತ್ತ ಗೋಡೆಗೆ ಒರಗಿ ನಿದ್ದೆ ಹೋಗಿಬಿಟ್ಟೆ. ಎಚ್ಚರವಾಗಿ ನೋಡಿದರೆ ಅವಳು 'ಎಡ ತೋಳು ಉದ್ದ', 'ಗುಂಡಿ ಇಲ್ಲ', 'ವಾಪಸ್' ಎಂದು ಮುದ್ದಾಗಿ ಬರೆದಿಟ್ಟಿದ್ದಳು. ನಿದ್ದೆಗಣ್ಣಲ್ಲಿ ನಾನೇ ಹೇಳಿದ್ದಂತೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಕೊನೆಗೆ ಶಾಲೆಯಿಂದ ಕರೆ ಬಂತು. ಅರ್ಧ ದಿನ ರಜೆ ಹಾಕಿ ಹೋದೆ. ಟೀಚರ್ ನನ್ನಷ್ಟೇ ಸುಸ್ತಾದ ಹೆಂಗಸು. ಉಬ್ಬಸದವರು, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಬರುವ ಶನಿವಾರದ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತಾದರೂ ಬರಬೇಕು, ಇಲ್ಲದಿದ್ದರೆ ಭಾಷೆಯ ಪೀರಿಯಡ್ಡಿಗೆ ಇವಳನ್ನು ಒಂದನೆಯ ತರಗತಿಯ ಮಕ್ಕಳ ಜೊತೆ ಕೂರಿಸುತ್ತೇವೆ ಎಂದರು. ಪಕ್ಕದಲ್ಲಿ ನಿಂತಿದ್ದ ಚೂಟಿ ನನ್ನ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬೇರೆಲ್ಲಾ ಸರಿಯಾಗೇ ಬರೀತಾಳೆ. ಹ ಒಂದನ್ನ ಮಾತ್ರ ನುಂಗ್ತಾಳೆ, ಈ ಪಾಠದಲ್ಲಿ ಹ ಇರೋ ಪದಗಳೇ ಜಾಸ್ತಿ. ಮನೇಲಿ ಯಾರು ಬರೆಸ್ತೀರಿ?"

"ನಾನೇ."

"ಒಂದ್ಸಲ ಹಕ್ಕಿ ಅನ್ನಿ ನೋಡೋಣ."

ಅಂದೆ.

ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ. ತಮ್ಮ ಬಾಯಿಯ ಮುಂದೆ ಅಂಗೈ ಹಿಡಿದು, "ಉಸಿರು ಕೈಗೆ ತಾಗ್ಬೇಕು. ಹ. ಹಕ್ಕಿ," ಎಂದರು. ನಾನೂ ಕೈ ಹಿಡಿದೆ. "ಅಕ್ಕಿ," ಎಂದೆ. ಕೈಗೆ ಏನೂ ತಾಗಲಿಲ್ಲ.

ಇಲ್ಲಿಯವರೆಗೆ ನಾನಾಡಿದ ಮಾತನ್ನೆಲ್ಲ ಹ ಸೇರಿಸಿಯೇ ಬರೆದಿದ್ದೇನೆ. ನನ್ನ ಕಿವಿಗೆ ಅದು ಹಾಗೇ ಕೇಳುತ್ತಿತ್ತು. ಪುಸ್ತಕದಲ್ಲಿರುವ ಹ ಕಣ್ಣಿಗೆ ಕಾಣುತ್ತದೆ, ಮನಸ್ಸಿಗೆ ತಿಳಿಯುತ್ತದೆ, ನಾಲಿಗೆಗೆ ಬರುವಷ್ಟರಲ್ಲಿ ಮಾಯ. ನನ್ನ ಅಮ್ಮ ಹೀಗೇ ಮಾತಾಡುತ್ತಿದ್ದಳು, ಗಂಡನೂ ಹೀಗೇ. ಹ ಇಲ್ಲದೆ ನಮ್ಮ ಸಂಸಾರಕ್ಕೆ ಯಾವ ಕೊರತೆಯೂ ಆಗಿರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ ಎಂಬ ಗಾದೆ ನನಗೆಂದೇ ಹೇಳಿ ಮಾಡಿಸಿದ್ದು.

ಆ ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ.

"ನಾನು ಏಳೋದು ಬಿಡು. ಟೀಚರ್ ಸರಿಯಾಗೇ ಏಳ್ತಾರಲ್ಲ. ಪರೀಕ್ಷೇಲಿ ಅವರು ಅಂದಿದ್ದನ್ನ ಕೇಳಿ ಬರೀಬೋದಿತ್ತಲ್ವಾ?"

"ಟೀಚರ್‌ಗೆ ಉಬ್ಬಸ ಅಲ್ವಾ ಅಮ್ಮ," ಎಂದಳು. "ಮಾತಾಡಿದ್ರೆ ಉಸಿರು ಉಸಿರು ಬರುತ್ತೆ, ಪಾಪ. ಅದನ್ನ ತೆಗ್ದು ಬರೀತಿದ್ದೆ. ನೀನು ಏಳೋದೇ ಸರಿ ಅಂದ್ಕೊಂಡೆ."

ಟೀಚರ್ ಮಾತು, ಪುಸ್ತಕದ ಅಕ್ಷರ, ಮಾರ್ಕು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬಾಯನ್ನು ನಂಬಿ ಮಗು ಮುಗ್ಗರಿಸಿತ್ತು. ಅದಕ್ಕೆ ನಾನು ಮೊಟಕು ಬೇರೆ ಕೊಟ್ಟಿದ್ದೆ. ಈಗ ಆ ನಂಬಿಕೆಯನ್ನು ನಾನೇ ಕಿತ್ತು ಹಾಕಬೇಕು. ಇಲ್ಲದಿದ್ದರೆ ಅವಳು ಮೂಗು ಸುರಿಸುವ ಪುಟಾಣಿಗಳ ನಡುವೆ ಮೊಣಕಾಲು ಮಡಚಿ ಕೂರಬೇಕು.

ತೋಳಿನಿಂದ ಒಂದು ಕೆಂಪು ಬಾಣ ಕಿತ್ತು ಕೆಳತುಟಿಯ ಕೆಳಗೆ ಅಂಟಿಸಿಕೊಂಡೆ.

"ತಪ್ಪು ಇಲ್ಲಿದೆ," ಎಂದೆ. "ಟೀಚರ್ ಏಳೋದು ಸರಿ. ಅದು ಉಬ್ಬಸ ಅಲ್ಲ ಕಣೇ, ಅಕ್ಷರ."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನೀನು ಏಳಿದ್ದೆಲ್ಲಾ ತಪ್ಪಾ?" ಎಂದು ಕೇಳಿದಳು. ಇಡೀ ದಿನ ನಿಂತಿದ್ದಕ್ಕಿಂತ ಆ ಒಂದು ಪ್ರಶ್ನೆಗೆ ನಾನು ಹೆಚ್ಚು ಸೋತೆ.

ಅಷ್ಟರಲ್ಲಿ ಗಂಡ ಬಂದರು. "ಗದ್ದದ ಮೇಲೇನೇ ಅದು?"

"ವಾಪಸ್ ಕಳಿಸೋ ಮಾಲು," ಎಂದೆ.

ಮರುದಿನದಿಂದ ಕಾರ್ಖಾನೆಯಲ್ಲಿ ಅಂಗಿಗೊಂದು ಹ ಎಂದು ಕೈಗೆ ಊದಿಕೊಳ್ಳತೊಡಗಿದೆ. ಬರಲೇನೋ ಬಂತು, ಆದರೆ ಬೇಡದ ಕಡೆಗೆಲ್ಲ. ಸೂಪರ್‌ವೈಸರಿಗೆ "ಹಾಯ್ತು ಸಾರ್" ಎಂದೆ. ಮನೆಯಲ್ಲಿ "ಹೂಟಕ್ಕೆ ಬನ್ನಿ" ಎಂದಾಗ ಅಪ್ಪ, ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇಕಾದ ಕಡೆ ಮಾತ್ರ ಕೈಗೆ ಗಾಳಿಯೇ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಪರೀಕ್ಷೆ ಹತ್ತಿರ ಬರುತ್ತಿತ್ತು, ನನಗೆ ಅಳುವಷ್ಟೂ ತ್ರಾಣವಿರಲಿಲ್ಲ.

ದಾರಿ ಕಂಡುಕೊಂಡವಳು ಚೂಟಿಯೇ. ಒಂದು ಸಂಜೆ ಗೋಡೆಗೆ ಒರಗಿ, ಕೈಗೆ ಊದುವುದನ್ನೂ ಬಿಟ್ಟು, "ಅಕ್ಕಿ," ಎಂದೆ.

"ಹಾರೋದಾ, ಬೇಯೋದಾ?"

ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ, "ಆರೋದು," ಎಂದೆ.

ಬರೆದಳು: ಹಕ್ಕಿ.

"ಉಳಿ."

"ಮರ ಕೆತ್ತೋದಾ, ನಾಲಿಗೆಗೆ ಚುರ್ ಅನ್ನೋದಾ?"

"ನಾಲಿಗೆಗೆ."

ಹುಳಿ.

"ಆಡು."

"ಮೇಯೋದಾ, ಕೇಳೋದಾ?"

ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತ ಹೋದೆ. ನನ್ನಿಂದ ಅರ್ಥ ಮಾತ್ರ ತೆಗೆದುಕೊಂಡು ಅಕ್ಷರವನ್ನು ಅವಳೇ ಹಾಕಿಕೊಂಡಳು. ಒಳ್ಳೆಯದೇ, ಕೆಲಸವಾಗುತ್ತಿತ್ತು. ಆದರೂ ನನ್ನ ಒಂದೊಂದು ಮಾತನ್ನೂ ಅವಳು ತಿರುಗಿಸಿ ಮುರುಗಿಸಿ ನೋಡುವಾಗ, ನನ್ನ ಮೇಜಿಗೆ ಬರುವ ಅಂಗಿಯ ಗತಿ ನನಗೇ ಬಂತಲ್ಲ ಅನಿಸಿತು.

ಶನಿವಾರ ಕಾರ್ಖಾನೆ ಬೇಗ ಬಿಡುತ್ತದೆ. ನೇರ ಶಾಲೆಗೆ ಹೋಗಿ ಗೇಟಿನ ಮುಂದಿನ ಗುಂಪಿನಲ್ಲಿ ನಿಂತೆ. ನಿಲ್ಲುವುದು ನನಗೆ ಹೊಸದಲ್ಲ, ಆದರೆ ಆವತ್ತು ನಿಮಿಷಕ್ಕೊಮ್ಮೆ ಗೇಟಿನೊಳಗೆ ಇಣುಕುತ್ತಿದ್ದೆ. ಗಂಟೆ ಹೊಡೆಯಿತು. ಚೂಟಿ ಇಬ್ಬರು ಗೆಳತಿಯರ ಜೊತೆ ಬಂದಳು. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ತಡೆಯಲಾಗದೆ ದೂರದಿಂದಲೇ ಕೂಗಿಬಿಟ್ಟೆ:

"ಎಷ್ಟೇ? ಅತ್ತು ಬಂತಾ?"

ಗೆಳತಿಯರಲ್ಲಿ ಉದ್ದ ಜಡೆಯವಳು ಕಿಸಕ್ಕನೆ ನಕ್ಕಳು. "ಅತ್ತು ಬಂತಾ ಅಂತೆ! ನೀನು ಯಾವಾಗ ಅತ್ತೆಯೇ? ನಿಮ್ಮಮ್ಮಂಗೆ ಹತ್ತು ಅನ್ನೋಕೂ ಬರಲ್ವಾ?" ಇನ್ನೊಬ್ಬಳೂ ನಕ್ಕಳು. ಅಕ್ಕಪಕ್ಕದ ಅಮ್ಮಂದಿರು ತಿರುಗಿ ನೋಡಿದರು. ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಚೂಟಿ ಜಡೆಯವಳನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಗೇಟಿನ ಬಳಿ ಇದ್ದವರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಊಂ ಅಮ್ಮ, ಅತ್ತು! ಇಪ್ಪತ್ತಕ್ಕೆ ಅತ್ತು!"

ಅಷ್ಟು ಒದ್ದಾಡಿ ಕಲಿತ ಹ ಅನ್ನು ಎಲ್ಲರೆದುರು ಕೈಬಿಟ್ಟಳು. ಬೇಕೆಂದೇ. ಅವಳ ಬೆಂಚು ಅವಳಿಗೆ ಉಳಿಯಿತು ಎಂಬ ಸಂತೋಷ ಇದರ ಮುಂದೆ ಸಣ್ಣದಾಯಿತು. ಎಂಟು ವರ್ಷದ ಮಗು ನನ್ನ ಮಾನ ಕಾಪಾಡಲು ತಪ್ಪು ಮಾತಾಡಬೇಕಾಯಿತಲ್ಲ ಎಂದು ಸಂಕಟವಾಯಿತು. ಹೆಮ್ಮೆಯೂ ಆಯಿತು. ಯಾವುದು ಎಷ್ಟು ಎಂದು ಅಳೆಯುವ ಶಕ್ತಿ ನನಗಿರಲಿಲ್ಲ.

ಪುಣ್ಯಕ್ಕೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ.

"ಈಗ ಸರಿಯಾಗಿ ಏಳು," ಎಂದೆ. "ಎಷ್ಟು ಬಂತು?"

ಅವಳು ಅತ್ತಿತ್ತ ನೋಡಿ, ನನ್ನ ಕಿವಿಗೆ ಬಾಯಿ ತಂದು, ಮೆಲ್ಲಗೆ ಹೇಳಿದಳು.

"ಹತ್ತು."

ಉಸಿರು ಬೆಚ್ಚಗೆ ನನ್ನ ಕಿವಿಗೆ ತಾಗಿತು.